ಮಾತ್ರೆಗೂ ಏಕಾದಶಿ ಬರೆದುಕೊಟ್ಟ ಡಾಕ್ಟರು

ಯಡಿಯೂರು ಕೆರೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಅವರ ದವಾಖಾನೆಯಿತ್ತು. ಆ ಕೋಣೆಯಲ್ಲಿ ಈಗ ರೇಡಿಯೋ ರಿಪೇರಿ ಅಂಗಡಿ ಬಂದಿದೆ. ಬೆಂಚು ಮಾತ್ರ ಅದೇ. ಕೆಮ್ಮುವವರು, ನರಳುವವರು ಸಾಲಾಗಿ ಕೂರುತ್ತಿದ್ದ ಬೆಂಚಿನ ಮೇಲೆ ಹೊಟ್ಟೆ ಬಿಚ್ಚಿದ ರೇಡಿಯೋಗಳು ಸಾಲಾಗಿ ಕೂತಿವೆ. ಬಸ್ಸಿಗೆ ಹೋಗಲು ನಾನು ದಿನವೂ ಅದರ ಮುಂದೆಯೇ ಹಾದುಹೋಗಬೇಕು. ಹೋಗುವಾಗ ನನ್ನ ಬಲಗೈಯ ಮೂರು ಬೆರಳು ತಾವಾಗಿಯೇ ಎಡಗೈಯ ಮಣಿಕಟ್ಟಿನ ಮೇಲೆ ಕೂರುತ್ತವೆ. ಒಂದು ದಿನ ಅಂಗಡಿಯವನು ಒಳಗಿನಿಂದಲೇ, "ಒಂಬತ್ತೂಕಾಲು ಸಾರ್" ಎಂದು ಕೂಗಿ ಹೇಳಿದ. ಗಡಿಯಾರವಿಲ್ಲದ ಕೈಯನ್ನು ದಿನಾ ನೋಡಿಕೊಳ್ಳುವ ಈ ಮನುಷ್ಯನ ಮೇಲೆ ಅವನಿಗೆ ಕನಿಕರ ಹುಟ್ಟಿರಬೇಕು.

ಅವರು ಹೋಗಿ ಮೂರು ವರ್ಷವಾಯಿತು. ಮೂರು ವರ್ಷದಿಂದ ನನ್ನ ಮಣಿಕಟ್ಟನ್ನು ನನ್ನನ್ನು ಬಿಟ್ಟು ಬೇರೆ ಯಾರೂ ಹಿಡಿದಿಲ್ಲ.

ನಾವು ಬಸವನಗುಡಿಯ ಬಾಡಿಗೆ ಮನೆ ಬಿಟ್ಟು ಜಯನಗರಕ್ಕೆ ಬಂದಾಗ ಇಲ್ಲಿ ಮನೆಗಳಿಗಿಂತ ಕಲ್ಲು ನೆಟ್ಟ ಸೈಟುಗಳೇ ಹೆಚ್ಚಾಗಿದ್ದವು. ಹೊಸ ಜಾಗಕ್ಕೆ ಬಂದವರು ಮೊದಲು ಹಾಲು ಎಲ್ಲಿ ಸಿಗುತ್ತದೆ, ಸೌದೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ನಾನು ವಿಚಾರಿಸಿದ್ದು ಡಾಕ್ಟರು ಎಲ್ಲಿ ಸಿಗುತ್ತಾರೆ ಎಂದು. ಮನೆಯಲ್ಲಿ ಆಗ ಯಾರಿಗೂ ಕಾಯಿಲೆಯಿರಲಿಲ್ಲ. ಆದರೆ ನಾನಿದ್ದೆನಲ್ಲ. ನನ್ನ ಹೆಂಡತಿ ಹೇಳುವ ಹಾಗೆ, ಕಾಯಿಲೆ ನಮ್ಮ ಮನೆಯ ಗೇಟು ದಾಟುವ ಮೊದಲೇ ನಾನು ಎದ್ದು ಹೋಗಿ ಕುರ್ಚಿ ಹಾಕುವವನು.

ಅವರ ಬಳಿಗೆ ನಾನು ಮೊದಲ ಸಲ ಹೋದದ್ದು ಒಂದು ಬೆಳಿಗ್ಗೆ, ಬಸ್ ಸ್ಟಾಪಿನಿಂದ. ಬಸ್ಸಿಗೆ ಕಾಯುತ್ತ ನಿಂತಿದ್ದವನಿಗೆ ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಹೆದರಿದಾಗ ಹೊಡೆದುಕೊಳ್ಳುವ ಎದೆಯ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ಇದು ಆ ತರಹದ್ದಲ್ಲ. ಹೊಲಿಗೆ ಯಂತ್ರವನ್ನು ಯಾರೋ ಎದೆಯೊಳಗಿಟ್ಟು ತುಳಿಯುತ್ತಿದ್ದ ಹಾಗೆ. ದವಾಖಾನೆಗೆ ಓಡಿ ಬೆಂಚಿನ ಮೇಲೆ ಕುಸಿದೆ. ಖಾಕಿ ಪ್ಯಾಂಟು, ಬಿಳಿ ಅರ್ಧ ತೋಳಿನ ಷರಟು ಹಾಕಿದ್ದ ಒಬ್ಬರು ಬಂದು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ಯುದ್ಧದ ಕಾಲದಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿದ್ದು ಬಂದವರು, ಯಡಿಯೂರಿನದೇ ಒಕ್ಕಲು ಮನೆಯವರು ಎಂದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಕಂಡದ್ದು ಮುಚ್ಚಿದ ಕಣ್ಣು, ಉಗುರಿನ ಸಂದಿಯಲ್ಲಿ ಸ್ವಲ್ಪ ಮಣ್ಣು.

"ನೂರಾ ಎಂಬತ್ತು" ಎಂದರು.

"ಅಯ್ಯೋ!" ಎಂದೆ.

"ಅಯ್ಯೋ ಅಂದ್ರೆ ನೂರಾ ತೊಂಬತ್ತಾಗ್ತದೆ. ಸುಮ್ನೆ ಮಲಗಿ."

ಕತ್ತಿನ ಎರಡೂ ಕಡೆ ಸ್ಟೆತಾಸ್ಕೋಪು ಇಟ್ಟು ಕೇಳಿದರು. ಆಮೇಲೆ ದವಡೆಯ ಕೆಳಗೆ ಬಲಗಡೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ ಉಜ್ಜತೊಡಗಿದರು. ಒಂದು, ಎರಡು, ಮೂರು. ಸ್ವಿಚ್ಚು ಆರಿಸಿದ ಹಾಗೆ ಯಂತ್ರ ನಿಂತುಹೋಯಿತು. ಒಂದು ಕ್ಷಣ ಎದೆಯಲ್ಲಿ ಏನೂ ಇಲ್ಲ. ಸತ್ತೆ ಎಂದೇ ಅಂದುಕೊಂಡೆ. ಆಮೇಲೆ ಧಡ್ ಎಂದು ಒಂದು ಬಡಿತ, ಅದರ ಹಿಂದೆ ಇನ್ನೊಂದು, ಶಿಸ್ತಾಗಿ, ಸಂಬಳಕ್ಕೆ ಕ್ಯೂ ನಿಂತ ಗುಮಾಸ್ತರ ಹಾಗೆ.

"ಇದು ಸಾಯಿಸೋ ಕಾಯಿಲೆ ಅಲ್ಲ ರಾಯ್ರೇ, ಹೆದರಿಸೋ ಕಾಯಿಲೆ" ಎಂದರು. "ಬಂದಾಗ ಮುಖಾನ ತಣ್ಣೀರಲ್ಲಿ ಮುಳುಗಿಸಿ ಉಸಿರು ಕಟ್ಟಿ. ಇಲ್ಲಾ ಕಕ್ಕಸಲ್ಲಿ ಕೂತೋರ ಹಾಗೆ ಮುಕ್ಕಿ. ಕತ್ತು ಒತ್ತೋದು ಮಾತ್ರ ನನ್ನ ಕೆಲಸ. ನೀವು ಮುಟ್ಟೀರಿ ಜೋಕೆ."

ತಣ್ಣೀರಿನ ಉಪಾಯವನ್ನು ಪರೀಕ್ಷಿಸುವ ಸಂದರ್ಭ ನನಗೆ ಒದಗಿದ್ದು ಕಛೇರಿಯಲ್ಲಿ. ನಾನು ಟಪಾಲು ವಿಭಾಗದ ಗುಮಾಸ್ತ. ಹೊರಗೆ ಹೋಗುವ ಕಾಗದಗಳನ್ನು ಪುಸ್ತಕದಲ್ಲಿ ದಾಖಲಿಸಿ ಕಳಿಸುವುದು ಕೆಲಸ. ಒಂದು ಮಧ್ಯಾಹ್ನ ಯಂತ್ರ ಶುರುವಾಯಿತು. ಸುತ್ತ ನೋಡಿದರೆ ತಣ್ಣೀರು ಎನ್ನುವುದು ಇದ್ದದ್ದು ಬೆಂಕಿ ಬಿದ್ದರೆ ಇರಲಿ ಎಂದು ಮೂಲೆಯಲ್ಲಿಟ್ಟಿದ್ದ ಕೆಂಪು ಬಕೆಟ್ಟಿನಲ್ಲಿ ಮಾತ್ರ. ಮಂಡಿಯೂರಿ ತಲೆ ಅದ್ದಿದೆ. ಉಸಿರು ಕಟ್ಟಿ ಇಪ್ಪತ್ತರವರೆಗೆ ಎಣಿಸಿದೆ. ಯಂತ್ರ ನಿಂತಿತು. ತಲೆಯೆತ್ತಿ ನೋಡಿದರೆ ಸೂಪರಿಂಟೆಂಡೆಂಟರು ಎದುರಿಗೇ ನಿಂತಿದ್ದಾರೆ. ಅವರ ಕೈಯಲ್ಲಿ ನನ್ನ ಬಡ್ತಿಯ ಕಾಗದವಿತ್ತು. ಅದನ್ನು ಅವರು ಹಾಗೇ ಮಡಚಿ ಜೇಬಿನಲ್ಲಿಟ್ಟುಕೊಂಡು ಹೊರಟುಹೋದರು. ಈ ಕಥೆ ಕೇಳಿ ಡಾಕ್ಟರು ಬೆಂಚು ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, "ನಿಂತ್ತಾ?" ಎಂದು ಕೇಳಿದರು. "ಬಡ್ತಿಯಾ?" ಎಂದೆ. "ಎದೆ ರಾಯ್ರೇ, ಎದೆ." "ನಿಂತಿತು." "ಹಂಗಾದ್ರೆ ಬಕೆಟ್ಟಿಗೊಂದು ನಮಸ್ಕಾರ ಹಾಕಿ."

ಅವರಿಗೆ ಗಡಿಬಿಡಿ ಎನ್ನುವುದೇ ಗೊತ್ತಿರಲಿಲ್ಲ. ಬೆಳಿಗ್ಗೆ ಕೆರೆಯ ಅಂಚಿನ ತಮ್ಮ ತುಂಡು ಜಮೀನಿನಲ್ಲಿ ಕೆಲಸ ಮಾಡಿ ಕೈ ತೊಳೆದುಕೊಂಡು ದವಾಖಾನೆಗೆ ಬರುವರು. ಅಲ್ಲಿ ಏಳೆಂಟು ತೆಂಗಿನ ಮರ, ಒಂದಿಷ್ಟು ಸೊಪ್ಪಿನ ಮಡಿ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಮಣ್ಣು ಉಳಿಯುತ್ತಿತ್ತು. ರೋಗಿ ಬಾಯಿ ತೆರೆಯುವ ಮೊದಲೇ ಕೈ ಹಿಡಿಯುವರು. ಕೈ ಹಿಡಿದ ಮೇಲೆ ಮಾತಾಡಗೊಡುತ್ತಿರಲಿಲ್ಲ. "ನೀವು ಆಮೇಲೆ ಹೇಳಿ. ಮೊದ್ಲು ಇವರು ಹೇಳಲಿ" ಎಂದು ಮಣಿಕಟ್ಟಿನ ಕಡೆ ಗಲ್ಲ ತೋರಿಸುವರು. ನಾಡಿ ಒಂದೇ ಸಮನಾಗಿಲ್ಲದಿದ್ದರೆ ಪೂರ್ತಿ ಒಂದು ನಿಮಿಷ ಎಣಿಸುವರು. "ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸೋ ಸೋಮಾರಿತನ ನಡೆಯಲ್ಲ ಇಲ್ಲಿ. ಬಾಕಿ ಮುಕ್ಕಾಲು ನಿಮಿಷದಲ್ಲಿ ಅದು ಏನು ಮಾಡ್ತು ಅಂತ ಯಾರು ಕಂಡೋರು?" ಆ ಒಂದು ನಿಮಿಷ ಬೆಂಚಿನ ಮೇಲೆ ಕೂತವರೂ ಕೆಮ್ಮು ತಡೆದುಕೊಳ್ಳುತ್ತಿದ್ದರು.

ನಮ್ಮಮ್ಮನ ನಾಡಿ ಅಂಥದ್ದು. ಜಯನಗರಕ್ಕೆ ಬಂದ ಕೆಲವು ಕಾಲದ ಮೇಲೆ ಅವರಿಗೆ ಏದುಸಿರು, ಕಾಲಿನ ಊತ ಶುರುವಾಯಿತು. ಅಡುಗೆಮನೆಯಿಂದ ದೇವರಮನೆಗೆ ಹೋಗುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದರು. ನಾನು ಡಾಕ್ಟರನ್ನು ಮನೆಗೆ ಕರೆತಂದೆ.

ಅಮ್ಮನ ವಿಷಯ ಹೇಳಬೇಕು. ಅಪ್ಪ ಹೋದಂದಿನಿಂದ ಅಮ್ಮ ಮಡಿ. ತಿಂಗಳಿಗೆರಡು ಏಕಾದಶಿ, ಹನಿ ನೀರೂ ಇಲ್ಲದ ಉಪವಾಸ. ಮಗನಾದ ನಾನೇ ಕಛೇರಿಯ ಬಟ್ಟೆಯಲ್ಲಿ ಅವರ ಹತ್ತಿರ ಸುಳಿಯುವಂತಿಲ್ಲ. ಇನ್ನು ಹೊರಗಿನವರು ಕೈ ಮುಟ್ಟುವುದೆಂದರೆ! ಡಾಕ್ಟರು ನಡುಮನೆಗೆ ಬಂದು ಚಾಪೆಯ ಅಂಚಿನಲ್ಲಿ ಕೂತಾಗ ಅಮ್ಮ ಮಡಿಯ ರೇಷ್ಮೆ ವಸ್ತ್ರದ ತುಂಡೊಂದನ್ನು ಮಣಿಕಟ್ಟಿನ ಮೇಲೆ ಹೊದಿಸಿಕೊಂಡು ಕೈ ಮುಂದೆ ಚಾಚಿದರು. ನಾನು ನೆಲ ನೋಡಿದೆ.

ಡಾಕ್ಟರು ಒಂದು ಕ್ಷಣ ಆ ರೇಷ್ಮೆಯನ್ನು ನೋಡಿದರು. ಆಮೇಲೆ ಅದರ ಮೇಲೆಯೇ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ಒಂದು ನಿಮಿಷವಾಯಿತು, ಎರಡಾಯಿತು.

"ತಾಳ ತಪ್ಪಿದ್ಯೇನಪ್ಪಾ?" ಅಮ್ಮ ಕೇಳಿದರು.

"ತಪ್ಪಕ್ಕೆ ತಾಳ ಇದ್ರಲ್ವಾ ಅಮ್ಮಾವ್ರೇ" ಎಂದರು. "ಸಂತೇಲಿ ಜನ ನಡೆದ ಹಾಗೆ ನಡೀತಿದೆ. ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧ ಇಲ್ಲ. ನೂರಾ ಮೂವತ್ತರ ಮೇಲಿದೆ. ನಿಧಾನ ಮಾಡ್ಬೇಕು. ಒಂದು ಗಿಡದ ಎಲೆಯಿಂದ ತೆಗೆದ ಮಾತ್ರೆ ಇದೆ, ಕೊಡ್ತೀನಿ."

"ಗಿಡದ್ದೇ? ಹಾಗಾದ್ರೆ ತಗೋಬಹುದು" ಎಂದರು ಅಮ್ಮ.

ಅವರು ಹೋದ ಮೇಲೆ ಅಮ್ಮ ಎದ್ದು ಸ್ನಾನಕ್ಕೆ ಹೋದರು. ತಣ್ಣೀರು ಬೇಡವೆಂದು ಡಾಕ್ಟರು ಹೇಳಿದ್ದರಿಂದ ನನ್ನ ಹೆಂಡತಿ ಹಂಡೆಗೆ ಉರಿ ಹಾಕಿದಳು. ಅವತ್ತಿನಿಂದ ಡಾಕ್ಟರು ನಮ್ಮ ಮನೆಗೆ ಬಂದರೆಂದರೆ ಬಚ್ಚಲಿನಲ್ಲಿ ಹೊಗೆಯೇಳುತ್ತಿತ್ತು. ಮುಂಬಾಗಿಲಲ್ಲಿ ಅವರು ಚಪ್ಪಲಿ ಬಿಡುವಾಗ ಹಿತ್ತಿಲಿನ ಹೊಗೆ ಅವರಿಗೂ ಕಾಣುತ್ತಿತ್ತು. ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ.

ಮಾತ್ರೆಗೆ ಒಂದು ನಿಯಮವಿತ್ತು. ದಿನಾ ಬೆಳಿಗ್ಗೆ ಕೊಡುವ ಮೊದಲು ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು. ಅರವತ್ತಕ್ಕಿಂತ ಕಡಿಮೆಯಿದ್ದರೆ ಅವತ್ತು ಮಾತ್ರೆ ಇಲ್ಲ. ಎಣಿಸುವುದನ್ನು ಅವರು ನನಗೆ ಕಲಿಸಿದರು. "ಹೆಬ್ಬೆರಳು ಇಡಬೇಡಿ. ಅದಕ್ಕೆ ಅದರದ್ದೇ ನಾಡಿ ಇರ್ತದೆ. ನಿಮ್ಮದನ್ನೇ ಎಣಿಸಿ ಅಮ್ಮಾವ್ರ ಲೆಕ್ಕಕ್ಕೆ ಬರೆದುಬಿಡ್ತೀರಿ." ನಾನು ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಕೂತು ಎಣಿಸಿ, ನಲವತ್ತು ಹಾಳೆಯ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ತಾರೀಖು, ನಾಡಿ, ಷರಾ. ಷರಾದಲ್ಲಿ ದಿನವೂ ಒಂದೇ ಮಾತು: "ಮಾತ್ರೆ ಕೊಟ್ಟಿದೆ." ಕಛೇರಿಗೆ ಹೋಗುವಾಗ ಮಾತ್ರೆಯನ್ನು ಬೆಳ್ಳಿಯ ಬಟ್ಟಲಿನಲ್ಲಿಟ್ಟರೆ ಅಮ್ಮ, "ಇಟ್ಟುಹೋಗು, ತಗೋತೀನಿ" ಎನ್ನುವರು. ವಾರಕ್ಕೊಮ್ಮೆ ಆ ಪುಸ್ತಕವನ್ನು ದವಾಖಾನೆಗೆ ಒಯ್ದು ತೋರಿಸುತ್ತಿದ್ದೆ. "ಬಂದ್ರಪ್ಪಾ ಚಿತ್ರಗುಪ್ತರು" ಎಂದು ಡಾಕ್ಟರು ಬೆಂಚಿನವರಿಗೆ ಹೇಳುವರು. ಎಂಬತ್ತೆರಡು ಬಂದ ದಿನ ನನಗೆ ಕಳವಳ. ಎಂಬತ್ತೈದು ಬಂದರೆ ಕಛೇರಿಯಲ್ಲಿ ಕೈ ಓಡುತ್ತಿರಲಿಲ್ಲ. ಅರವತ್ತೊಂದೋ ಅರವತ್ತೆರಡೋ ಬಂದ ದಿನ ಮಾತ್ರ ಹಾಯಾಗಿ ಊಟ ಮಾಡುತ್ತಿದ್ದೆ. ಕಡಿಮೆಯಾಯಿತಲ್ಲ, ಒಳ್ಳೆಯದೇ ಆಯಿತು ಎಂದು.

ಅದೊಂದು ಭಾನುವಾರ. ಅಮ್ಮ ಬೆಳಗಿನ ಜಾವಕ್ಕೇ ಪಾರಣೆ ಮುಗಿಸಿ ಉಪವಾಸ ಬಿಟ್ಟಿದ್ದರು. ಪಾರಣೆಯ ದಿನ ನಾನು ಏಳುವ ಮೊದಲೇ ಅವರ ಊಟ, ಹಿಂದಿನ ರಾತ್ರಿಯೇ ನಾನು ಬಟ್ಟಲಿನಲ್ಲಿಟ್ಟ ಮಾತ್ರೆ ಎಲ್ಲ ಆಗಿರುತ್ತಿತ್ತು; ನಾಡಿ ಎಣಿಸುತ್ತಿದ್ದದ್ದು ಆಮೇಲೆ. ಹನ್ನೊಂದು ಗಂಟೆಯ ಹೊತ್ತಿಗೆ ಹಿತ್ತಿಲಿನಿಂದ ನನ್ನ ಹೆಂಡತಿ, "ರೀ! ಅಮ್ಮ ಬಿದ್ರು!" ಎಂದು ಕೂಗಿದಳು. ತುಳಸಿಕಟ್ಟೆಗೆ ಒರಗಿಕೊಂಡು ಅಮ್ಮ ಕಾಲು ಚಾಚಿ ಕೂತಿದ್ದರು. ಒಮ್ಮೆ ವಾಂತಿಯಾಗಿತ್ತು. "ಏನೋ ಇದು, ಸುಣ್ಣದ ಗೋಡೆಗೆಲ್ಲ ಯಾರೋ ಅರಿಶಿನ ಬಳಿದಿದ್ದಾರಲ್ಲೋ" ಎಂದರು. ಗೋಡೆ ಬೆಳ್ಳಗೇ ಇತ್ತು. ಮಣಿಕಟ್ಟು ಹಿಡಿದೆ. ಒಂದು ಬಡಿತ. ಮುಂದಿನದಕ್ಕೆ ಕಾದೆ. ಬರಲಿಲ್ಲ. ಕೈಬಿಟ್ಟು ಓಡಿದೆ.

ಯಡಿಯೂರಿನವರೆಗೆ ಓಡಿದೆ. ಇವತ್ತು ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಆ ಓಟದಲ್ಲಿ ನನಗೆ ನನ್ನ ಎದೆಯ ನೆನಪು ಒಂದು ಸಲವೂ ಬರಲಿಲ್ಲ. ಡಾಕ್ಟರು ಸೊಪ್ಪಿನ ಮಡಿಯಲ್ಲಿ ಕೂತಿದ್ದರು. ನನ್ನ ಮುಖ ನೋಡಿ, "ಯಾರದ್ದು? ನಿಮ್ಮದಾ, ಅಮ್ಮಾವ್ರದಾ?" ಎಂದಷ್ಟೇ ಕೇಳಿದರು. ಚೀಲ ನನ್ನ ಕೈಗೆ ಕೊಟ್ಟು, ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ತುಳಿದರು. ಏರಿನಲ್ಲಿ ಅವರ ಬೆನ್ನು ಬೆವರಿ ಷರಟು ಅಂಟಿಕೊಂಡಿತ್ತು. ಆ ಬೆನ್ನಿಗೆ ಹಣೆಯಿಟ್ಟುಕೊಂಡು ನಾನು, "ಏನೂ ಆಗಲ್ಲ ತಾನೇ ಡಾಕ್ಟ್ರೇ, ಏನೂ ಆಗಲ್ಲ ತಾನೇ" ಎನ್ನುತ್ತಲೇ ಇದ್ದೆ.

"ರಾಯ್ರೇ, ಅಲ್ಲಾಡಬೇಡಿ. ಬಿದ್ರೆ ಮೂರು ಜನ ರೋಗಿಗಳಾಗ್ತೀವಿ."

ಹಿತ್ತಿಲ ನಲ್ಲಿಯಲ್ಲಿ ಕೈ ತೊಳೆದುಕೊಂಡು ಅವರು ಅಮ್ಮನ ಪಕ್ಕದಲ್ಲಿ ಮಂಡಿಯೂರಿದರು. ಅರೆಪ್ರಜ್ಞೆಯಲ್ಲೂ ಅಮ್ಮನ ಕೈ ರೇಷ್ಮೆಯ ತುಂಡನ್ನು ತಡಕುತ್ತಿತ್ತು. ನನ್ನ ಹೆಂಡತಿ ಅದನ್ನು ತಂದು ಮಣಿಕಟ್ಟಿಗೆ ಹೊದಿಸಿದಳು.

"ಬೇಡ, ತೆಗೆದುಬಿಡು" ಎಂದೆ.

"ಇರಲಿ ಬಿಡಿ" ಎಂದರು ಡಾಕ್ಟರು. ಬೆರಳಿಟ್ಟರು. ನಿಮಿಷ ಕಳೆಯಿತು. "ಮೂವತ್ತಾರು."

ನಾವು ಮೂವರೂ ಸೇರಿ ಅಮ್ಮನನ್ನು ಮೆಲ್ಲಗೆ ಎತ್ತಿ ನಡುಮನೆಯ ಚಾಪೆಯ ಮೇಲೆ ಮಲಗಿಸಿದೆವು. ಡಾಕ್ಟರು ಅಮ್ಮನ ಕಿವಿಯ ಹತ್ತಿರ ಬಗ್ಗಿ, "ಅಮ್ಮಾವ್ರೇ, ಇವತ್ತು ಎಷ್ಟು ಮಾತ್ರೆ ತಗೊಂಡ್ರಿ?" ಎಂದು ಕೇಳಿದರು.

"ಇವತ್ತಿಂದು ಒಂದೇನಪ್ಪಾ."

ಸುಳ್ಳು ಹೇಳುವವರಲ್ಲ ಅಮ್ಮ. ಡಾಕ್ಟರು ಹುಬ್ಬು ಗಂಟಿಕ್ಕಿದರು. ಆಮೇಲೆ, "ರಾಯ್ರೇ, ಆ ನಿಮ್ಮ ಪುಸ್ತಕ ತನ್ನಿ" ಎಂದರು.

ಒಂದು ಕೈ ರೇಷ್ಮೆಯ ಮೇಲಿಟ್ಟುಕೊಂಡೇ ಇನ್ನೊಂದು ಕೈಯಿಂದ ಹಾಳೆ ಮಗುಚಿದರು. ಎಪ್ಪತ್ತೆಂಟು, ಎಂಬತ್ತು, ಎಪ್ಪತ್ತಾರು, ಅರವತ್ತೊಂದು. ಮತ್ತೆ ಎಪ್ಪತ್ತೊಂಬತ್ತು, ಎಂಬತ್ತೆರಡು. ಮತ್ತೆ ಅರವತ್ತೆರಡು.

"ಇದೇನಿದು, ಹದಿನೈದು ದಿನಕ್ಕೊಂದ್ಸಲ ತಪ್ಪದ ಹಾಗೆ ಇಳೀತದೆ?"

ನನಗೆ ಹೊಳೆಯಲಿಲ್ಲ. ತಿಂಗಳುಗಟ್ಟಲೆ ನಾನೇ ಬರೆದ ಅಂಕಿಗಳು. ಬಾಗಿಲ ಬಳಿ ನಿಂತಿದ್ದ ನನ್ನ ಹೆಂಡತಿ ಬಗ್ಗಿ ತಾರೀಖುಗಳನ್ನು ನೋಡಿ, "ಅವೆಲ್ಲ ಪಾರಣೆ ಮಾರನೇ ದಿನ ಡಾಕ್ಟ್ರೇ" ಎಂದಳು. ಅಡುಗೆ ಮಾಡುವವಳಿಗೆ ನೆನಪಿರದೆ ಇನ್ನಾರಿಗಿರುತ್ತದೆ?

ಡಾಕ್ಟರು ಮತ್ತೆ ಬಗ್ಗಿದರು. "ಅಮ್ಮಾವ್ರೇ, ಏಕಾದಶಿ ದಿನ ಮಾತ್ರೆ ತಗೋತೀರಾ?"

"ಏಕಾದಶಿ ದಿನ ಬಾಯಿಗೆ ಏನಾದ್ರೂ ಹಾಕ್ತಾರೇನಪ್ಪಾ?"

"ಮತ್ತೆ ಮಗ ಇಟ್ಟುಹೋಗಿದ್ದು?"

"ಬಿಟ್ಟಿದ್ದನ್ನ ಬಿಟ್ಟ ಹಾಗೇ ಬಿಡಕ್ಕಾಗತ್ತಾ? ದೇವರ ಪಕ್ಕದಲ್ಲಿ ಎತ್ತಿಟ್ಟಿರ್ತೀನಿ. ಪಾರಣೆ ದಿನ ಅದನ್ನೂ ಸೇರಿಸಿ ತಗೋತೀನಿ."

"ಈ ಸಲ?"

"ಈ ಸಲ ಪಂಚಾಂಗದಲ್ಲಿ ಎರಡು ದಿನ ಉಪವಾಸ ಬಿತ್ತಲ್ಲಪ್ಪಾ. ಹಿಂದಿನದು ಎರಡು, ಇವತ್ತಿಂದು ಒಂದು."

ತಪ್ಪಿದ ಜಪವನ್ನು ಮಾರನೆಯ ದಿನ ಸೇರಿಸಿ ಮುಗಿಸುವ ಹಾಗೆ ಅಮ್ಮ ತಪ್ಪಿದ ಮಾತ್ರೆಯನ್ನೂ ಮುಗಿಸುತ್ತಿದ್ದರು. ಎರಡು ದಿನ ನೀರಿಲ್ಲದೆ ಒಣಗಿದ ಮೈಗೆ ಒಟ್ಟಿಗೆ ಮೂರು. ಆ ಮಾತ್ರೆ ಹೆಚ್ಚಾದರೆ ಕಣ್ಣಿಗೆ ಎಲ್ಲ ಹಳದಿಯಾಗಿ ಕಾಣುತ್ತದೆಂದು ಡಾಕ್ಟರು ಆಮೇಲೆ ಹೇಳಿದರು. ಇತ್ತ ನಾನು ಟಪಾಲು ಗುಮಾಸ್ತ. ಕಳಿಸಿದ್ದು ದಾಖಲಾದರೆ ನನ್ನ ಕೆಲಸ ಮುಗಿಯಿತು. ಮುಟ್ಟಿತೇ ಎಂದು ಕೇಳುವುದು ನಮ್ಮ ವಿಭಾಗಕ್ಕೆ ಸೇರಿದ್ದಲ್ಲ. ಕೊಟ್ಟಿದೆ, ಕೊಟ್ಟಿದೆ, ಕೊಟ್ಟಿದೆ ಎಂದು ಪುಟ ತುಂಬ ಬರೆದಿದ್ದೆ. ತೆಗೆದುಕೊಂಡರೇ ಎಂದು ಒಂದು ದಿನವೂ ಕೇಳಿರಲಿಲ್ಲ. ಲೋಕದ ಚಿಂತೆಯನ್ನೆಲ್ಲ ಹೊತ್ತು ತಿರುಗಿದವನು ಚಿಂತಿಸಬೇಕಾದ ಅಂಕಿಗಳ ಮುಂದೆ ಮಾತ್ರ ಹಾಯಾಗಿ ಉಂಡೆದ್ದಿದ್ದೆ.

ಡಾಕ್ಟರು ನನ್ನನ್ನು ಬೈಯಲಿಲ್ಲ. ಹೃದಯಕ್ಕೆ ಸ್ವಲ್ಪ ಚುರುಕು ಮುಟ್ಟಿಸುವ ಸೂಜಿಯೊಂದನ್ನು ಚುಚ್ಚಿದರು. "ಆಸ್ಪತ್ರೆಗೆ ಒಯ್ಯೋಣವೇ?" ಎಂದೆ. "ಈ ಕಲ್ಲು ದಾರೀಲಿ ಜಟಕಾದಲ್ಲಿ ಕುಲುಕಿಸೋದು ಬೇಡ. ಅಲ್ಲೂ ಇದೇ ಸೂಜಿ, ಇದೇ ಕಾಯೋದು. ನಾಲ್ಕು ಗಂಟೆಗೆ ನಲವತ್ತೈದು ದಾಟದಿದ್ರೆ ಯಾರದ್ದಾದ್ರೂ ಕಾರು ತರಿಸ್ತೀನಿ" ಎಂದರು. ಆಮೇಲೆ ಗೋಡೆಗೊರಗಿ ಕಾಲು ಮಡಚಿ ಕೂತು, ರೇಷ್ಮೆಯ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು.

ಅಷ್ಟೇ. ಅದಕ್ಕಿಂತ ದೊಡ್ಡದೇನನ್ನೂ ಅವರು ಅವತ್ತು ಮಾಡಲಿಲ್ಲ. ಮಧ್ಯಾಹ್ನ ಇನ್ನೊಂದು ಸೂಜಿ ಕೊಟ್ಟರು. ಊಟ ಬೇಡವೆಂದರು. ಕಾಲು ಗಂಟೆಗೊಮ್ಮೆ ಕಣ್ಣು ಬಿಡದೆಯೇ ಒಂದು ಸಂಖ್ಯೆ ಹೇಳುವರು, ನಾನು ಬರೆದುಕೊಳ್ಳುವೆ. ಮೂವತ್ತಾರು. ಮೂವತ್ತೆಂಟು. ಮೂವತ್ತೇಳು. ಕೈ ಜೋಮು ಹಿಡಿದರೆ ಬೆರಳು ಎತ್ತದೆ ಭುಜ ಮಾತ್ರ ಅಲ್ಲಾಡಿಸುವರು. ನಲವತ್ತೆರಡು. ಮೂರೂವರೆಗೆ ನಲವತ್ತಾರು. ನಾನು ಅತ್ತೆ. "ರಾಯ್ರೇ, ಅಳೋದಾದ್ರೆ ಹಿತ್ತಲಿಗೆ ಹೋಗಿ. ಎಣಿಕೆ ತಪ್ತದೆ" ಎಂದರು. ದೀಪ ಹಚ್ಚುವ ಹೊತ್ತಿಗೆ ಐವತ್ತೆಂಟು. ಅಮ್ಮ ಕಣ್ಣು ಬಿಟ್ಟು ಗೋಡೆ ನೋಡಿದರು.

"ಅರಿಶಿನ ಹೋಯ್ತು" ಎಂದರು. ಆಮೇಲೆ ತಮ್ಮ ಕೈಯನ್ನು, ಅದರ ಮೇಲಿನ ರೇಷ್ಮೆಯನ್ನು, ಅದರ ಮೇಲಿನ ಮಣ್ಣುಗುರಿನ ಬೆರಳುಗಳನ್ನು ನೋಡಿದರು. "ಬೆಳಗಿಂದ ಕೂತಿದ್ದೀಯೇನಪ್ಪಾ? ಬಟ್ಟೆ ಅಡ್ಡ ಬರಲಿಲ್ವಾ?"

"ಬಂತಮ್ಮಾ" ಎಂದರು ಡಾಕ್ಟರು. "ಆದ್ರೂ ಕೇಳಿಸ್ತು."

ಮುಂದಿನ ಸಲ ಅವರು ಬಂದಾಗ ಅಮ್ಮ ಬರಿಗೈ ಚಾಚಿದರು. ರೇಷ್ಮೆಯ ತುಂಡು ಮತ್ತೆ ಹೊರಗೆ ಬರಲಿಲ್ಲ. ಹಂಡೆಯ ಸ್ನಾನ ಮಾತ್ರ ನಿಲ್ಲಲಿಲ್ಲ. ಇಲ್ಲದ ದೊಡ್ಡಸ್ತಿಕೆಯನ್ನು ನಮ್ಮ ಮನೆಯ ಮೇಲೆ ಹೊರಿಸುವುದು ನನಗೆ ಬೇಡ.

ಏಕಾದಶಿಯ ಮೊಕದ್ದಮೆಯನ್ನು ಅವರು ಬಗೆಹರಿಸಿದ ರೀತಿಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಉಪವಾಸ ಬಿಡಿ ಎಂದು ಅವರು ಹೇಳುತ್ತಾರೆ, ಅಮ್ಮ ಮಾತ್ರೆಯನ್ನೇ ಬಿಡುತ್ತಾರೆ ಎಂದು ನಾನು ಹೆದರಿ ಕೂತಿದ್ದೆ. ಅವರು ಹೇಳಿದ್ದು ಬೇರೆ.

"ಅಮ್ಮಾವ್ರೇ, ಈ ಮಾತ್ರೆ ಒಂದೇ ದಿನ ಇದ್ದು ಹೋಗೋ ನೆಂಟ ಅಲ್ಲ. ಮೂರು ನಾಲ್ಕು ದಿನ ಮೈಯಲ್ಲೇ ಠಿಕಾಣಿ ಹೂಡ್ತದೆ. ಒಬ್ಬ ಇರೋವಾಗ್ಲೇ ಇನ್ನಿಬ್ಬರು ಬಂದ್ರೆ ಮನೆ ಗತಿ ಏನು? ಅದಕ್ಕೇ ಎಷ್ಟೋ ಜನಕ್ಕೆ ವಾರಕ್ಕೊಂದು ದಿನ ಇದಕ್ಕೆ ರಜ ಕೊಡ್ತೀನಿ, ಭಾನುವಾರ. ನಿಮಗೆ ಭಾನುವಾರದ ಬದಲು ಏಕಾದಶಿ. ಪಾರಣೆ ದಿನ ಒಂದೇ."

"ಮತ್ತೆ ಬಿಟ್ಟಿದ್ದು?"

"ಬಿಟ್ಟಿದ್ದಲ್ಲಮ್ಮಾ. ಅವತ್ತು ಮಾತ್ರೇನೂ ಉಪವಾಸ ಮಾಡ್ತದೆ."

ಚೀಟಿಯ ಮೇಲೆ ಮಾತ್ರೆಯ ಹೆಸರು ಬರೆದು, ಕೆಳಗೆ ದೊಡ್ಡಕ್ಷರದಲ್ಲಿ "ಏಕಾದಶಿ: ಮಾತ್ರೆಗೂ ಉಪವಾಸ" ಎಂದು ಬರೆದು ರುಜು ಹಾಕಿದರು. ಅಮ್ಮ ಆ ಚೀಟಿಯನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟರು. ಡಾಕ್ಟರು ಒಂದು ಪಂಚಾಂಗವನ್ನೂ ಕೊಂಡರು. ಅದು ನಮ್ಮ ಮಠದ್ದಲ್ಲವೆಂದೂ, ಅದರ ಏಕಾದಶಿ ಕೆಲವು ಸಲ ಒಂದು ದಿನ ಹಿಂದಾಗುತ್ತದೆಂದೂ ಅಮ್ಮ ತಿದ್ದಿದರು. ಅವರು ಎರಡನೆಯದನ್ನು ಕೊಂಡರು. ಆಮೇಲೆ ದವಾಖಾನೆಯ ಮೇಜಿನ ಮೇಲೆ ಸ್ಟೆತಾಸ್ಕೋಪಿನ ಪಕ್ಕ ಎರಡು ಪಂಚಾಂಗ. ಹೊಸ ರೋಗಿಗಳು ಮಗಳ ಮದುವೆಗೆ ದಿನ ನೋಡಿಕೊಡಿ ಎಂದು ಕೇಳತೊಡಗಿದರು. "ನೋಡ್ಕೊಡ್ತಿದ್ದೆ, ಗಂಡಿನ ನಾಡಿ ತೋರಿಸ್ಬೇಕಷ್ಟೆ" ಎನ್ನುವರು.

ದ್ವಾದಶಿಯ ಬೆಳಿಗ್ಗೆ, ಹೊತ್ತು ಹುಟ್ಟುವ ಮೊದಲೇ, ಅವರ ಸೈಕಲ್ಲಿನ ಗಂಟೆ ಕೇಳುತ್ತಿತ್ತು. ಹ್ಯಾಂಡಲಿಗೆ ತಮ್ಮ ಮರದ ಎರಡು ಎಳನೀರು. ಒಣಗಿದ ಮೈಗೆ ಮೊದಲು ಇದು, ಆಮೇಲೆ ಅನ್ನ, ಆಮೇಲೆ ಮಾತ್ರೆ ಎಂದು ಅಪ್ಪಣೆ. ಅಮ್ಮ ಮೊದಲ ಸಲ ಅನುಮಾನಿಸಿದಾಗ, "ದೇವರೇ ಸೀಲು ಮಾಡಿ ಕಳಿಸಿದ್ದಾನಮ್ಮಾ. ನನ್ನ ಕೈ ಒಳಗೆ ಹೋಗಿಲ್ಲ" ಎಂದು ನಕ್ಕರು. ಅಮ್ಮನೂ ನಕ್ಕರು. ನನಗೆ ನಗಲಾಗಲಿಲ್ಲ. ಅಂಗಳದಲ್ಲಿ ಕೆತ್ತಿ, ಅಮ್ಮನ ಬೆಳ್ಳಿ ಲೋಟಕ್ಕೆ ಮೇಲಿನಿಂದ ಸುರಿದು, ನಾಡಿ ನೋಡಿ ಹೊರಡುವರು. ಅವರು ತಿರುವಿನಲ್ಲಿ ಮರೆಯಾದ ಮೇಲೆ ಅಮ್ಮ ಮತ್ತೊಮ್ಮೆ ಮಿಂದು ಬಂದು ಅದನ್ನು ಕುಡಿದು ಪಾರಣೆಗೆ ಕೂರುವರು. ಹೀಗೆ ಏಳು ವರ್ಷ. ಅಮ್ಮನ ನಾಡಿ ಸಂತೆಯ ಜನದ ಹಾಗೆಯೇ ಇತ್ತು. ಆದರೆ ಓಡುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ.

ಕೊನೆಯ ವರ್ಷ ಒಂದು ಸಂಜೆ ಏರಿನಲ್ಲಿ ಅವರು ಸೈಕಲ್ಲಿನಿಂದಿಳಿದು ಹೊಂಗೆ ಮರಕ್ಕೆ ಒರಗಿ ನಿಂತಿದ್ದನ್ನು ಕಂಡೆ. ಮೂರು ಬೆರಳು ತಮ್ಮದೇ ಮಣಿಕಟ್ಟಿನ ಮೇಲಿದ್ದವು.

"ಏನು ಡಾಕ್ಟ್ರೇ?"

"ನಿಮ್ಮ ಗಾಳಿ ಬಡೀತು ರಾಯ್ರೇ. ನಾನೂ ಎಣಿಸಕ್ಕೆ ಶುರು ಮಾಡಿದೀನಿ."

ನಾನು ನಕ್ಕೆ. ಎಷ್ಟಿದೆ ಎಂದು ಕೇಳಬೇಕಿತ್ತು. ಹಾಲಿನವನ ಕೆಮ್ಮಿಗೂ, ಪಕ್ಕದ ಮನೆಯ ನಾಯಿಯ ಕುಂಟಿಗೂ ನಿದ್ದೆಗೆಡುವ ನನಗೆ ಆ ಒಂದು ಮಾತು ಕೇಳಲು ಹೊಳೆಯಲಿಲ್ಲ. ಡಾಕ್ಟರಿಗೂ ನಾಡಿಯಿರುತ್ತದೆ, ಅದೂ ನಿಧಾನವಾಗಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಮಾಘ ಮಾಸದ ಒಂದು ಬೆಳಿಗ್ಗೆ ಅವರು ತೆಂಗಿನ ಮರದ ಬುಡದಲ್ಲಿ ಕೂತವರು ಏಳಲಿಲ್ಲ. ಸುದ್ದಿ ಹೇಳಿದಾಗ ಅಮ್ಮ, "ಅವನ ಕೈ ಯಾರು ಹಿಡ್ಕೊಂಡಿದ್ರೋ?" ಎಂದು ಕೇಳಿದರು. ಯಾರೂ ಹಿಡಿದುಕೊಂಡಿರಲಿಲ್ಲ.

ಮುಂದಿನ ದ್ವಾದಶಿಗೆ ನಾನೇ ಗಾಂಧಿಬಜಾರಿನಿಂದ ಎಳನೀರು ತಂದೆ. ಅಮ್ಮ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು.

ಅದರ ಮುಂದಿನ ದ್ವಾದಶಿ. ಅಮ್ಮ ಮಿಂದು ಮಡಿಯುಟ್ಟು ನಡುಮನೆಯಲ್ಲಿ ಕೂತಿದ್ದರು. ಹೊರಗೆ ಗೇಟಿನ ಸದ್ದಾಯಿತು. ಡಾಕ್ಟರ ಹೆಂಡತಿ. ಅವರನ್ನು ನಾನು ಕಂಡಿದ್ದೇ ಒಂದೆರಡು ಸಲ, ದೂರದಿಂದ. ಬರಿಹಣೆ, ಬಗಲಲ್ಲಿ ಚೀಲ, ಅದರಲ್ಲಿ ಎರಡು ಎಳನೀರು, ಒಂದು ಮಚ್ಚು, ನಮ್ಮ ಮಠದ ಪಂಚಾಂಗ. ಮೆಟ್ಟಿಲ ಕೆಳಗೇ ನಿಂತರು.

"ಇದರಲ್ಲಿ ಗುರ್ತು ಹಾಕಿಟ್ಟವ್ರೆ" ಎಂದು ಪಂಚಾಂಗ ಬಿಚ್ಚಿ ತೋರಿಸಿದರು. ದ್ವಾದಶಿಯ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಬರೆದ ಪುಟ್ಟ ಎಳನೀರಿನ ಚಿತ್ರ. "ನಂಗೆ ಓದಕ್ಕೆ ಅಷ್ಟಾಗಿ ಬರಲ್ಲ. ಚಿತ್ರ ನೋಡಿ ತಿಳ್ಕಂಡೆ. ಯುಗಾದಿ ಗಂಟ ಹಾಕವ್ರೆ. ಹೋದ ಸರ್ತಿ ಸೂತಕ ಇತ್ತು, ಬರಕ್ಕಾಗ್ಲಿಲ್ಲ."

ಹಿತ್ತಿಲಿನಲ್ಲಿ ನನ್ನ ಹೆಂಡತಿ ಅಭ್ಯಾಸಬಲದಿಂದ ಹಂಡೆಗೆ ಉರಿ ಹಾಕಿದಳು.

"ಒಳಗೆ ಬಾಮ್ಮಾ" ಎಂದರು ಅಮ್ಮ.

"ಬ್ಯಾಡಿ ಅಮ್ಮಾವ್ರೇ. ಮಡೀಲಿದ್ದೀರಿ."

"ಬಾ ಅಂದೆ."

ಅವರು ಬಂದರು. ಚಾಪೆಯ ಅಂಚಿನಲ್ಲಿ, ಅವರ ಗಂಡ ಕೂರುತ್ತಿದ್ದ ಜಾಗದಲ್ಲಿಯೇ ಕೂತರು. ಅಮ್ಮ ಬರಿಗೈ ಚಾಚಿದರು. ಆಕೆ ಆ ಕೈಯನ್ನೂ ನನ್ನನ್ನೂ ನೋಡಿದರು.

"ನಂಗೆ ಎಣಿಸಕ್ಕೆ ಬರಲ್ಲ ಅಮ್ಮಾವ್ರೇ."

"ಎಣಿಸೋದು ಬೇಡ. ಸುಮ್ನೆ ಹಿಡ್ಕೋ."

ಆಕೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಅಂಗಳಕ್ಕೆ ಹೋಗಿ ಎಳನೀರು ಕೆತ್ತಿದೆ. ಅಭ್ಯಾಸವಿಲ್ಲದ ಕೈ, ಅರ್ಧ ನೀರು ಚೆಲ್ಲಿತು. ಬೆಳ್ಳಿ ಲೋಟ ತಂದಿಟ್ಟಾಗಲೂ ಆಕೆ ಅಮ್ಮನ ಕೈ ಬಿಟ್ಟಿರಲಿಲ್ಲ. ಅಮ್ಮ ಇನ್ನೊಂದು ಕೈಯಲ್ಲಿ ಲೋಟವೆತ್ತಿ, ಹಾಗೆಯೇ, ಅದನ್ನು ಪೂರ್ತಿ ಕುಡಿದರು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಅಮ್ಮಾ, ನೀರು ಕಾದಿದೆ" ಎಂದಳು.

"ಇರಲಿ ಬಿಡು" ಎಂದರು ಅಮ್ಮ.

ಆಕೆ ಹೋದ ಮೇಲೆ ಅಮ್ಮ ಎದ್ದು ನೇರವಾಗಿ ಎಲೆಯ ಮುಂದೆ ಕೂತರು. ಹಂಡೆಯ ನೀರು ಮಧ್ಯಾಹ್ನದವರೆಗೆ ಅಲ್ಲೇ ಇದ್ದು ತಣ್ಣಗಾಯಿತು.